ಬರ ಕಂಡ ಮೈ

ಹೋದ ಶ್ರಾವಣದಲ್ಲಿ ನನ್ನ ಮಗಳನ್ನು ನೋಡಲು ಒಂದು ಮನೆತನದವರು ಬಂದಿದ್ದರು. ಮಂಡಕ್ಕಿ ಒಗ್ಗರಣೆ, ಮಿರ್ಚಿ, ಉಂಡಿ, ಚಹಾ ಎಲ್ಲವನ್ನೂ ಸಂತೋಷದಿಂದ ಮುಗಿಸಿ ಎದ್ದು ಹೋದವರು ನಾಲ್ಕು ದಿನ ಬಿಟ್ಟು ನಡುವಿನವರ ಬಾಯಲ್ಲಿ ಹೇಳಿ ಕಳಿಸಿದರು: “ಹುಡುಗಿ ಚಲೋ ಅದಾಳ್ರಿ, ನೌಕರೀನೂ ಐತಿ. ಆದ್ರ ಮೈ ಸ್ವಲ್ಪ ಹೆಚ್ಚಾತು.”

ಮಗಳು ಏನೂ ಅನ್ನಲಿಲ್ಲ. ಮರುದಿನದಿಂದ ರೊಟ್ಟಿ ಬಿಟ್ಟಳು, ಅನ್ನ ಬಿಟ್ಟಳು. ಮುಂಜಾನೆ ಒಂದು ಬಾಳೆಹಣ್ಣು, ರಾತ್ರಿ ಒಂದು ಲೋಟ ಮಜ್ಜಿಗೆ. ಹನ್ನೆರಡನೆಯ ದಿನ ಕೆಲಸದ ಜಾಗದಲ್ಲಿ ಮೆಟ್ಟಿಲು ಇಳಿಯುವಾಗ ಕಣ್ಣಿಗೆ ಕತ್ತಲೆ ಬಂದು ಬಿದ್ದಳು. ಆಸ್ಪತ್ರೆಯ ಮಂಚದ ಪಕ್ಕದಲ್ಲಿ ಸಲೈನ್ ಬಾಟಲಿ ನೋಡುತ್ತ ಕುಳಿತಿದ್ದ ನನ್ನ ಕಡೆ ಅವಳು ತಿರುಗಿ ಒಂದೇ ಮಾತು ಕೇಳಿದಳು. “ಸಣ್ಣಾಕಿ ಇದ್ದಾಗ ಇನ್ನೊಂದು ತುತ್ತು, ಇನ್ನೊಂದು ತುತ್ತು ಅಂತ ತಿನಿಸಿದಾಕಿ ನೀನ. ಈಗ ದಪ್ಪ ಆಗ್ಯಾಳ ಅಂತ ಅಳಾಕಿನೂ ನೀನ. ನಂದೇನು ತಪ್ಪವ್ವಾ?”

ನನ್ನ ಬಳಿ ಉತ್ತರವಿರಲಿಲ್ಲ. ನಾನು 28 ವರ್ಷದಿಂದ ಮಕ್ಕಳಿಗೆ ಸಮಾಜ ವಿಜ್ಞಾನ ಕಲಿಸುತ್ತಿರುವವಳು. ಯಾವ ಯುದ್ಧವಿರಲಿ, ಯಾವ ದಂಗೆಯಿರಲಿ, “ತಕ್ಷಣದ ಕಾರಣ ಬೇರೆ, ಮೂಲ ಕಾರಣ ಬೇರೆ, ಎರಡನ್ನೂ ಬರೆಯಿರಿ” ಎಂದು ಹಲಗೆಯ ಮೇಲೆ ಗೆರೆ ಎಳೆದು ತೋರಿಸುವವಳು. ನಮ್ಮ ಮನೆಯ ಹೆಣ್ಣುಮಕ್ಕಳ ಮೈಯ ಮೇಲೆ ಬಂದು ಕುಳಿತ ಈ ಭಾರಕ್ಕೆ ಮಾತ್ರ ತಕ್ಷಣದ ಕಾರಣವನ್ನಷ್ಟೇ ಹಿಡಿದುಕೊಂಡು ಕುಳಿತಿದ್ದೆ. ಹೆಚ್ಚು ತಿಂದಳು, ಕಮ್ಮಿ ನಡೆದಳು ಎಂದು. ಮೂಲ ಕಾರಣ ಹುಡುಕಲು ಹೊರಟರೆ ಅದು ನನ್ನನ್ನು ಬಹಳ ದೂರ ಕರೆದುಕೊಂಡು ಹೋಯಿತು.

ನನ್ನ ತವರು ಕುಷ್ಟಗಿ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಕೊಟ್ಟದ್ದು ಗಂಗಾವತಿಗೆ. ನೌಕರಿಯ ಮೊದಲ ಒಂಬತ್ತು ವರ್ಷ ಯಲಬುರ್ಗಾ ತಾಲ್ಲೂಕಿನಲ್ಲಿ, ಈಗ ಕೊಪ್ಪಳದಲ್ಲಿ. ಹೀಗಾಗಿ ಈ ನಾಲ್ಕೂ ಊರಿನ ಒಲೆಯ ಬೂದಿ ನನಗೆ ಗೊತ್ತು. 1997ರಲ್ಲಿ ರಾಯಚೂರು ಜಿಲ್ಲೆಯಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆಯಾದಾಗ ಇವೇ ನಾಲ್ಕು ತಾಲ್ಲೂಕುಗಳಿದ್ದವು. ಆಡಳಿತಕ್ಕೆ ಒಂದೇ ಜಿಲ್ಲೆಯಾದರೂ ಊಟದ ತಾಟಿಗೆ ಇವು ಎರಡು ಸೀಮೆ. ಕುಷ್ಟಗಿ, ಯಲಬುರ್ಗಾ ಒಣ ಬೇಸಾಯದ ನಾಡು. ಕೆಂಪು ಮಣ್ಣಿನಲ್ಲಿ ಸಜ್ಜೆ, ನವಣೆ. ಎರೆ ಹೊಲದಲ್ಲಿ ಹಿಂಗಾರಿ ಬಿಳಿಜೋಳ. ಗಂಗಾವತಿ ನೀರಿನ ನಾಡು. ಕೊಪ್ಪಳ ಎರಡರ ನಡುವೆ ಒಂದು ಕಾಲು ಅಲ್ಲಿ, ಒಂದು ಕಾಲು ಇಲ್ಲಿ ಇಟ್ಟು ನಿಂತಿದೆ.

ನಮ್ಮ ಸೀಮೆಯ ಹಸಿವಿನ ಚರಿತ್ರೆ ದೊಡ್ಡದು. 1876ರಿಂದ 78ರವರೆಗಿನ ಮಹಾ ಬರದಲ್ಲಿ ತುಂಗಭದ್ರೆಯ ಆಚೆ ದಡದ ಬಳ್ಳಾರಿ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು, ಈಚೆ ದಡ ನಿಜಾಮರದು. ಎರಡೂ ದಡದಲ್ಲಿ ಜನ ಸತ್ತರು. ಆಚೆ ದಡದ ಬರ ಕಾಮಗಾರಿಯಲ್ಲಿ ದಿನವಿಡೀ ದುಡಿದ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಅಂದರೆ ಅರ್ಧ ಕಿಲೋಗೂ ಕಡಿಮೆ, ಮೇಲೆ ಸ್ವಲ್ಪ ಕಾಸು ಸಾಕು ಎಂದು ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ 1877ರಲ್ಲಿ ಗೊತ್ತುಮಾಡಿದ. ಮನುಷ್ಯನ ಹೊಟ್ಟೆಗೆ ಎಷ್ಟು ಕಮ್ಮಿ ಸಾಕಾದೀತು ಎಂದು ಅಳೆದು ನೋಡುವುದು ಅಂದಿನ ಸರ್ಕಾರದ ಲೆಕ್ಕ. ಈಚೆ ಕೊಪ್ಪಳ, ಯಲಬುರ್ಗಾ ಸಾಲಾರ್ ಜಂಗರ ಜಹಗೀರು. ಎರಡನೇ ಮಹಾಯುದ್ಧದ ಕಾಲದಲ್ಲಿ ಲೆವಿಯೆಂದು ಜೋಳ ಅಳೆದುಕೊಂಡು ಹೋಗುತ್ತಿದ್ದುದನ್ನು, ಹಗೇವಿನ ಬಾಯಿಗೆ ಮಣ್ಣು ಬಡಿದು ಧಾನ್ಯ ಬಚ್ಚಿಡುತ್ತಿದ್ದುದನ್ನು ನನ್ನ ಅಜ್ಜಿ ಹೇಳುತ್ತಿದ್ದಳು. 1948ರ ಸೆಪ್ಟೆಂಬರ್ 17ರಂದು ನಿಜಾಮರ ಆಳ್ವಿಕೆ ಮುಗಿಯಿತು. ಹಸಿವು ಅಂದೇ ಮುಗಿಯಲಿಲ್ಲ.

ಅಂಥ ನಾಡಿನಲ್ಲಿ ದಪ್ಪಗಿರುವುದು ದೈವಕೃಪೆ. “ಮೈಕೈ ತುಂಬಿಕೊಂಡಾಳ” ಎಂದರೆ ಅದಕ್ಕಿಂತ ದೊಡ್ಡ ಹೊಗಳಿಕೆಯಿಲ್ಲ. ಸೊಸೆ ತವರಿಂದ ಸಣ್ಣಗಾಗಿ ಬಂದರೆ ತವರಿಗೆ ಅವಮಾನ, ಗಂಡನ ಮನೆಯಲ್ಲಿ ಸಣ್ಣಗಾದರೆ ಅತ್ತೆಗೆ ಅವಮಾನ! ಹೊಟ್ಟೆ ಬಂದ ಗಂಡಸನ್ನು ಸಾಹುಕಾರ ಎನ್ನುತ್ತಿದ್ದರು. ಹಳ್ಳಿಗೊಬ್ಬನೋ ಇಬ್ಬರೋ ಅಂಥವರು. ಮೈ ತುಂಬಿಕೊಂಡವಳನ್ನು ಈಗ ಬೇಡವೆನ್ನುವ ಬೀಗರ ಅಜ್ಜ ಅಜ್ಜಿಯರೂ ಅಂದು ಅದನ್ನೇ ನೋಡಿ ಒಪ್ಪಿರಬೇಕು.

ನಾನು ಹುಟ್ಟಿದ್ದು 1972ರ ಬರದಲ್ಲಿ. ಆಗ ಅವ್ವನಿಗೆ 22 ವರ್ಷ. ಬಸುರಿ ಹೆಂಗಸು ಬರಗಾಲದ ರಸ್ತೆ ಕೆಲಸಕ್ಕೆ ಹೋಗಿ ಕಲ್ಲು ಹೊತ್ತಳು. ಮನೆಯಲ್ಲಿ ಆಗುತ್ತಿದ್ದುದು ತಿಳಿ ಅಂಬಲಿ, ಹೊಲದ ಬದುವಿನ ಸೊಪ್ಪು. ಅದರಲ್ಲೂ ಗಂಡಸರು ಉಂಡ ಮೇಲೆ ಉಳಿದದ್ದು ಅವ್ವನದು. ನಾನು ಹುಟ್ಟಿದಾಗ ತೂಗಲು ತಕ್ಕಡಿಯಿರಲಿಲ್ಲ. “ಬೆಕ್ಕಿನ ಮರಿ ಹಾಂಗ ಐತಿ, ಉಳದ್ರ ನಿನ್ನ ಪುಣ್ಯೇವು” ಎಂದು ಸೂಲಗಿತ್ತಿ ಹೇಳಿದಳಂತೆ. ಉಳಿದೆ. ಉಳಿದ ಆ ಬೆಕ್ಕಿನ ಮರಿ 2019ರಲ್ಲಿ ಶಾಲೆಯ ಆರೋಗ್ಯ ತಪಾಸಣೆಯ ದಿನ ತಕ್ಕಡಿ ಏರಿದಾಗ 81 ಕಿಲೋ ತೂಗಿತು, ರಕ್ತದಲ್ಲಿ ಸಕ್ಕರೆಯೂ ಇತ್ತು. “ತಿನ್ನೂದು ಕಮ್ಮಿ ಮಾಡ್ರಿ ಟೀಚರ್” ಎಂದು ಎಲ್ಲರೆದುರು ಅಂದರು. ನನ್ನ ವಿದ್ಯಾರ್ಥಿಗಳು ಕಿಸಕ್ಕನೆ ನಕ್ಕದ್ದು ಇನ್ನೂ ಕಿವಿಯಲ್ಲಿದೆ.

ಈ ಎರಡು ತಕ್ಕಡಿಗಳ ನಡುವೆ ಸಂಬಂಧವಿರಬಹುದು ಎಂದು ನನಗೆ ಹೊಳೆದದ್ದು ಇತ್ತೀಚೆಗೆ. ಮೈಸೂರಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದಗಳನ್ನು ಬರೆದಿಟ್ಟಿದ್ದರು. ಆ ಕೂಸುಗಳು ದೊಡ್ಡವರಾಗಿ ಮಧ್ಯವಯಸ್ಸು ದಾಟಿದ ಮೇಲೆ, 1990ರ ದಶಕದಲ್ಲಿ, ಸಂಶೋಧಕರು ಅವರನ್ನು ಹುಡುಕಿ ಪರೀಕ್ಷಿಸಿದರು. ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದಯದ ಕಾಯಿಲೆ ಹೆಚ್ಚು ಕಂಡಿತು. ಪುಣೆಯ ಡಾಕ್ಟರ್ ಚಿತ್ತರಂಜನ ಯಾಜ್ಞಿಕ ಮತ್ತು ಸಂಗಡಿಗರು ಅಲ್ಲಿಯ ಹಳ್ಳಿಗಳ ಕೂಸುಗಳನ್ನು ಇಂಗ್ಲೆಂಡಿನ ಕೂಸುಗಳೊಂದಿಗೆ ಹೋಲಿಸಿ ನೋಡಿದರು. ಅಲ್ಲಿಯವು ಸುಮಾರು 3.5 ಕಿಲೋ, ನಮ್ಮವು ಸುಮಾರು 2.7 ಕಿಲೋ. ಆದರೆ ನಮ್ಮ ಕೂಸುಗಳಲ್ಲಿ ಕಮ್ಮಿಯಾದದ್ದು ಮಾಂಸಖಂಡ; ಚರ್ಮದಡಿಯ ಕೊಬ್ಬು ಅಷ್ಟು ಕಮ್ಮಿಯಾಗಿರಲಿಲ್ಲ. ನೋಡಲು ಸಣಕಲು, ಒಳಗೆ ಬೊಜ್ಜು! ಹಾಲೆಂಡಿನಲ್ಲಿ 1944-45ರ ಚಳಿಗಾಲದ ಕ್ಷಾಮದಲ್ಲಿ ಬಸುರಿಯರು ಹಸಿದಿದ್ದರು. ಬಸುರಿನ ಮೊದಲ ತಿಂಗಳುಗಳಲ್ಲಿ ಹಸಿದ ತಾಯಂದಿರ ಗಂಡುಮಕ್ಕಳು 19 ವರ್ಷದವರಾಗಿ ಸೈನ್ಯದ ತಪಾಸಣೆಗೆ ಬಂದಾಗ ಅವರಲ್ಲಿ ಬೊಜ್ಜಿನವರು ಉಳಿದವರಿಗಿಂತ ಹೆಚ್ಚಾಗಿದ್ದರು.

ಅಂದರೆ ಹೊಟ್ಟೆಯಲ್ಲಿರುವ ಕೂಸು ತಾಯಿಯ ಹಸಿವಿನಿಂದ ಪಾಠ ಕಲಿಯುತ್ತದೆ. “ಹೊರಗೆ ಬರಗಾಲವಿದೆ, ಸಿಕ್ಕಿದ್ದನ್ನು ಕೂಡಿಡು” ಎಂಬ ಪಾಠ. ಕೂಸು ಹೊರಬಂದ ಮೇಲೆ ಬರಗಾಲ ಮುಗಿದು ಸುಗ್ಗಿಯಾದರೂ ಮೈ ಆ ಪಾಠವನ್ನು ಸುಲಭಕ್ಕೆ ಮರೆಯದು. ನನ್ನ ಸಕ್ಕರೆ ಕಾಯಿಲೆಗೆ ಇದೊಂದೇ ಕಾರಣ ಎಂದು ನಾನು ಹೇಳಲಾರೆ. ಆದರೆ ಕಾರಣಗಳ ಪಟ್ಟಿಯಲ್ಲಿ ಅವ್ವನ ತಲೆಯ ಮೇಲಿನ ಕಲ್ಲಿನ ಬುಟ್ಟಿಯನ್ನೂ ಸೇರಿಸಬೇಕೆಂದು ತಿಳಿದ ದಿನ ನನ್ನ ಮೈಯ ಮೇಲಿನ ನಾಚಿಕೆ ಅರ್ಧ ಕಮ್ಮಿಯಾಯಿತು.

ಇನ್ನು ಸುಗ್ಗಿ ಬಂದ ಕತೆ. ತುಂಗಭದ್ರೆಗೆ ಅಣೆಕಟ್ಟು ಕಟ್ಟಬೇಕೆಂದು ಸರ್ ಆರ್ಥರ್ ಕಾಟನ್ 1860ರಲ್ಲೇ ಯೋಚಿಸಿದ್ದ. ಹೈದರಾಬಾದ್, ಮದ್ರಾಸ್ ಸರ್ಕಾರಗಳು ಸೇರಿ ಕೆಲಸ ಆರಂಭಿಸಿದ್ದು 1945ರಲ್ಲಿ. ನೀರು ಕಾಲುವೆಗೆ ಹರಿದದ್ದು 1953ರಲ್ಲಿ. ಎಡದಂಡೆ ಕಾಲುವೆ ಮುನಿರಾಬಾದಿನಿಂದ ಹೊರಟು ಗಂಗಾವತಿಯ ಸೀಮೆಯನ್ನು ಹಾದು ಸಿಂಧನೂರು, ಮಾನ್ವಿಯ ಕಡೆಗೆ ಹೋಗುತ್ತದೆ. ಆನೆಗೊಂದಿಯ ಸುತ್ತ ವಿಜಯನಗರದ ಅರಸರ ಕಾಲದ ಕಾಲುವೆಗಳಿಂದ ಭತ್ತ ಬೆಳೆಯುವುದು ಮೊದಲೂ ಇತ್ತು. ಆದರೆ ಅದು ನದಿಯ ಅಂಚಿನ ಮಾತು. ಹೊಸ ಕಾಲುವೆ ಬರವನ್ನು ತಡೆಯಲು ಬಂದದ್ದು. ಸ್ವಲ್ಪ ನೀರು ಬಹಳ ಜನಕ್ಕೆ ಸಿಗಲಿ, ಜೋಳ, ಹತ್ತಿ, ಶೇಂಗಾ ಬೆಳೆಯಲಿ, ಭತ್ತಕ್ಕೆ ಸಣ್ಣ ಪಾಲು ಇರಲಿ ಎಂಬುದು ಸರ್ಕಾರದ ಯೋಜನೆ. ಆದರೆ ನೀರು ಕಂಡ ಮೇಲೆ ಯಾರು ಸುಮ್ಮನಿರುತ್ತಾರೆ? ಆಂಧ್ರದ ಕರಾವಳಿಯಿಂದ ಭತ್ತದ ಬೇಸಾಯ ಬಲ್ಲ ರೈತರು ಬಂದು ಹೊಲ ಕೊಂಡರು, ಅವರ ವಸತಿಗಳು ಕ್ಯಾಂಪುಗಳಾದವು. ಅವರನ್ನು ನೋಡಿ ನಮ್ಮವರೂ ನಾಟಿ ಹಚ್ಚಿದರು. ಕಾಲುವೆಯ ಮೇಲ್ಭಾಗದಲ್ಲಿ ಎಲ್ಲಿ ನೋಡಿದರೂ ಗದ್ದೆ. ಕೆಳಭಾಗದವರಿಗೆ ನೀರಿಲ್ಲ, ಕೆಲವೆಡೆ ಹೊಲ ಸವಳು. ಗಂಗಾವತಿ ಭತ್ತದ ಕಣಜವಾಯಿತು, ಅಕ್ಕಿ ಗಿರಣಿಗಳ ಊರಾಯಿತು.

ನಮ್ಮ ತವರಿನಲ್ಲಿ ಅಕ್ಕಿಯ ಅನ್ನವೆಂದರೆ ಹಬ್ಬ. ಯುಗಾದಿಗೆ, ಮಾನವಮಿಗೆ, ಬೀಗರು ಬಂದರೆ. ಅನ್ನ ಬಡಿಸುವಾಗ ಅಜ್ಜಿ ಒಂದು ಹಿಡಿ ಹಾಕಿ ಕೈ ಹಿಂದಕ್ಕೆ ತೆಗೆಯುತ್ತಿದ್ದಳು. ನಾನು ಮದುವೆಯಾಗಿ ಗಂಗಾವತಿಗೆ ಬಂದಾಗ ಮೂರು ಹೊತ್ತೂ ಸೋನಾ ಮಸೂರಿ ಬೆಳ್ಳಗೆ ತಾಟಿನಲ್ಲಿ ಗುಡ್ಡೆ ಬಿದ್ದದ್ದನ್ನು ಕಂಡು ನನಗೆ ಸ್ವರ್ಗಕ್ಕೆ ಬಂದಂತಾಯಿತು. “ಅಕ್ಕಿ ತಿಂದವ ಹಕ್ಕಿಯಾದ, ಜೋಳ ತಿಂದವ ತೋಳನಾದ” ಎಂಬ ಗಾದೆಯನ್ನು ನಾನೇ ಶಾಲೆಯಲ್ಲಿ ಹೇಳಿಕೊಡುತ್ತಿದ್ದೆ, ಮನೆಗೆ ಬಂದು ಎರಡು ಸಲ ಅನ್ನ ಬಡಿಸಿಕೊಳ್ಳುತ್ತಿದ್ದೆ. ಗಾದೆ ಗೊತ್ತಿದ್ದವರು ಅದರಂತೆ ನಡೆಯಬೇಕೆಂದಿಲ್ಲ ನೋಡಿ. ಅಲ್ಲಿ ಒಂದು ರೊಟ್ಟಿಗೆ ಪುಂಡಿಪಲ್ಯ, ಮಡಕಿಕಾಳು, ಗುರೆಳ್ಳು ಹಿಂಡಿ ಬೇಕಿತ್ತು. ಅನ್ನಕ್ಕೆ ಒಂದು ಸೌಟು ತಿಳಿಸಾರು ಸಾಕು. ಹಾಗಾಗಿ ತಾಟಿನಲ್ಲಿ ಅನ್ನ ಏರಿತು, ಕಾಳು ಸೊಪ್ಪು ಇಳಿಯಿತು.

ಅಕ್ಕಿ ಒಂದನ್ನೇ ಬೈದರೆ ಅನ್ಯಾಯವಾದೀತು. ನಮ್ಮ ಹಿರಿಯರು ಗದ್ದೆಯಲ್ಲಿ ದುಡಿದು ಅನ್ನ ಉಂಡು ಸಣ್ಣಗೇ ಇದ್ದರು. ಎರಡನೆಯ ಕಾರಣ ನಮ್ಮ ಕೈಕಾಲುಗಳದು. ಅವ್ವ ನಸುಕಿನಲ್ಲಿ ಎದ್ದು ಎರಡು ಸೇರು ಜೋಳ ಬೀಸುತ್ತಿದ್ದಳು. ಮೈಲು ದೂರದ ಬಾವಿಯಿಂದ ನಾಲ್ಕು ಕೊಡ ನೀರು, ಆಮೇಲೆ ಹೊಲದ ಕಳೆ, ಸಂಜೆ ಸೌದೆ, ರಾತ್ರಿ ಮತ್ತೆ ರೊಟ್ಟಿ. ನಾನು ಎರಡನೇ ತರಗತಿಯಲ್ಲಿದ್ದಾಗ ನಮ್ಮೂರಿಗೆ ಹಿಟ್ಟಿನ ಗಿರಣಿ ಬಂತು. ಅದರ ಟುಕ್ ಟುಕ್ ಸದ್ದಿಗೆ ಅವ್ವ ಕೈಮುಗಿದಿದ್ದಳು. ಆಮೇಲೆ ಬೋರಿಂಗು, ಆಮೇಲೆ ನಳ, ಗ್ಯಾಸು, ಮಿಕ್ಸರು. ಹೊಲಕ್ಕೆ ಟ್ರ್ಯಾಕ್ಟರು, ರಾಶಿಗೆ ಯಂತ್ರ. ಇವೆಲ್ಲ ಬೇಡವಿತ್ತೇ? ಹಿಂದಿನ ಕಾಲವೇ ಚೆನ್ನಾಗಿತ್ತು, ಹೆಣ್ಣುಮಕ್ಕಳು ಬೀಸುವ ಕಲ್ಲು ಬಿಟ್ಟದ್ದಕ್ಕೇ ದಪ್ಪಗಾದರು ಎಂದು ಯಾರಾದರೂ ಗಂಡಸರು ಭಾಷಣ ಮಾಡಿದರೆ ಅವರ ಕೈಗೇ ಕಲ್ಲಿನ ಗೂಟ ಕೊಟ್ಟು ಒಂದು ಸೇರು ಬೀಸಿರೆಂದು ಹೇಳಬೇಕು. ಅವ್ವನ ಭುಜ ಇಂದಿಗೂ ಮೇಲೇಳುವುದಿಲ್ಲ. ಆ ದುಡಿಮೆ ಹೋದದ್ದು ಒಳ್ಳೆಯದೇ. ಕೆಟ್ಟದ್ದೇನೆಂದರೆ ಅದು ಹೋದ ಜಾಗದಲ್ಲಿ ಹೆಣ್ಣಿನ ಮೈಗೆ ಬೇರೆ ಯಾವ ಚಲನೆಯೂ ಬರಲಿಲ್ಲ. ಗಂಡು ಹುಡುಗರಿಗೆ ಮೈದಾನವಿದೆ. ಸಂಜೆ ನಾನೊಬ್ಬಳೇ ಚಪ್ಪಲಿ ಮೆಟ್ಟಿ ಹೊರಟರೆ “ಎಲ್ಲಿಗ್ರೀ ಟೀಚರ್, ಯಾರ ಮನೀಗೆ?” ಎಂಬ ಪ್ರಶ್ನೆ ಹತ್ತು ಮನೆಗಳಿಂದ ಬರುತ್ತದೆ. ಸುಮ್ಮನೆ ನಡೆಯಲು ಹೊರಟಿದ್ದೇನೆ ಎಂದು ಹೇಳುವ ಧೈರ್ಯ ನನಗೆ ಬರಲು 47 ವರ್ಷ ಬೇಕಾಯಿತು.

ಮೂರನೆಯದು ಪೇಟೆ. 1987ರಲ್ಲಿ ರವಿವಾರ ಮುಂಜಾನೆ ರಾಮಾಯಣ ನೋಡಲು ಟಿ.ವಿ. ಇದ್ದ ಮನೆಗೆ ಹೋಗಿ ನೆಲದ ಮೇಲೆ ಕೂರುತ್ತಿದ್ದೆವು. ಆ ಟಿ.ವಿ. ಮನೆಮನೆಗೆ ಬಂದು, ಅದರ ಬೆನ್ನಿಗೆ ಬಿಸ್ಕತ್ತು, ಚಿಪ್ಸು, ಬಣ್ಣದ ನೀರಿನ ಜಾಹೀರಾತು ಬಂತು. 1990ರ ದಶಕದ ನಡುವೆ ಹೊರದೇಶದ ಎಣ್ಣೆ ತರಿಸಲು ಸರ್ಕಾರ ಬಾಗಿಲು ತೆರೆದ ಮೇಲೆ ತಾಳೆ ಎಣ್ಣೆ ಅಗ್ಗವಾಗಿ ಹರಿಯಿತು. ಕುಸುಬಿ ಎಣ್ಣೆಯನ್ನು ಹನಿಹನಿಯಾಗಿ ಬಳಸುತ್ತಿದ್ದ ನಾಡಿನಲ್ಲಿ ಮೂಲೆಮೂಲೆಗೂ ಮಿರ್ಚಿ ಬಾಣಲೆ ಏರಿತು. ಜಾತ್ರೆಯ ತಿಂಡಿ ದಿನದ ತಿಂಡಿಯಾಯಿತು.

ನಾಲ್ಕನೆಯ ಮಾತನ್ನು ಎಚ್ಚರದಿಂದ ಹೇಳಬೇಕು. 2013ರ ಜುಲೈಯಲ್ಲಿ ಅನ್ನಭಾಗ್ಯ ಬಂತು, ಬಡ ಕುಟುಂಬಕ್ಕೆ ಕಿಲೋಗೆ ಒಂದು ರೂಪಾಯಿಯಂತೆ 30 ಕಿಲೋವರೆಗೆ ಧಾನ್ಯ, ಮುಂದೆ ಪುಕ್ಕಟೆ. ಅದಕ್ಕೂ ಮೊದಲು 2002ರಲ್ಲಿ ನಮ್ಮ ಕೊಪ್ಪಳ ಸೇರಿ ಏಳು ಜಿಲ್ಲೆಗಳ ಸರ್ಕಾರಿ ಶಾಲೆಗಳಲ್ಲಿ ಮಧ್ಯಾಹ್ನದ ಬಿಸಿಯೂಟ ಶುರುವಾಗಿತ್ತು. ಯಲಬುರ್ಗಾ ತಾಲ್ಲೂಕಿನ ನನ್ನ ಶಾಲೆಯಲ್ಲಿ ಮೊದಲ ದಿನದ ಬಿಸಿಯೂಟಕ್ಕೆ ಮಕ್ಕಳು ತಾಟು ಹಿಡಿದು ನಿಂತ ಸಾಲನ್ನು ಕಂಡವಳು ನಾನು. ಪ್ರಾರ್ಥನೆಯ ಹೊತ್ತಿಗೆ ತಲೆಸುತ್ತಿ ಬೀಳುತ್ತಿದ್ದ ಮಕ್ಕಳು ಬೀಳುವುದು ನಿಂತಿತು. “ಪುಕ್ಕಟೆ ಅಕ್ಕಿ ಕೊಟ್ಟು ಜನರನ್ನು ಕೆಡಿಸಿದರು” ಎನ್ನುವವರ ಜೊತೆ ನಾನು ಸೇರಲಾರೆ. ಹಸಿವು ಕಂಡವರು ಆ ಮಾತು ಆಡುವುದಿಲ್ಲ. ನನ್ನ ದೂರು ಬೇರೆ. ಕೊಟ್ಟದ್ದು ಹೆಚ್ಚಾಗಿ ಅಕ್ಕಿಯೊಂದನ್ನೇ. ಕಾರ್ಡಿನ ಅಕ್ಕಿ ಪುಕ್ಕಟೆ, ಜೋಳಕ್ಕೆ ದುಡ್ಡು ಕೊಡಬೇಕಿತ್ತು. ಬೇಳೆ, ತತ್ತಿ, ಹಣ್ಣು, ಕಾಯಿಪಲ್ಯ ಕೈಗೆಟಕವು. ಹೊಟ್ಟೆ ತುಂಬಿತು, ಮೈಗೆ ಬೇಕಾದದ್ದು ತುಂಬಲಿಲ್ಲ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಇದನ್ನೇ ಹೇಳುತ್ತದೆ. 2015-16ರಲ್ಲಿ ಕರ್ನಾಟಕದ ಹೆಂಗಸರಲ್ಲಿ ನೂರಕ್ಕೆ 23.3 ಮಂದಿ ಅತಿತೂಕ ಅಥವಾ ಬೊಜ್ಜಿನವರು. 2019-21ರ ಸಮೀಕ್ಷೆಯಲ್ಲಿ ಅದು 30.1. ಗಂಡಸರು ನಗಬೇಕಿಲ್ಲ, ಅವರದು 22.1ರಿಂದ 30.9! ಆದರೆ ಅದೇ ಪುಟದಲ್ಲಿ ಇನ್ನೊಂದು ಲೆಕ್ಕವಿದೆ. ಅದೇ ಅವಧಿಯಲ್ಲಿ ರಕ್ತಹೀನತೆಯ ಹೆಂಗಸರು 44.8ರಿಂದ 47.8ಕ್ಕೆ ಏರಿದ್ದಾರೆ. ಮೈ ಬೆಳೆಯಿತು, ರಕ್ತ ಬೆಳೆಯಲಿಲ್ಲ. ಇದು ಉಂಡು ಸೊಕ್ಕಿದವರ ಕಾಯಿಲೆಯಾಗಿದ್ದರೆ ರಕ್ತ ಯಾಕೆ ಕಮ್ಮಿಯಾಗಬೇಕು? ಒಂದೇ ಮನೆಯಲ್ಲಿ ದಪ್ಪ ತಾಯಿ, ಸೊರಗಿದ ಮಗು ಇರುವುದನ್ನು ನಾನು ಪ್ರತಿ ವರ್ಷ ಪಾಲಕರ ಸಭೆಯಲ್ಲಿ ನೋಡುತ್ತೇನೆ. 2021ರ ಡಿಸೆಂಬರ್‌ನಲ್ಲಿ ನಮ್ಮ ಭಾಗದ ಶಾಲೆಗಳಲ್ಲಿ ತತ್ತಿ ಕೊಡಲು ಆರಂಭಿಸಿದಾಗ ಬೇಕೋ ಬೇಡವೋ ಎಂದು ದೊಡ್ಡವರು ಜಗಳವಾಡಿದರು. ನನ್ನ ತರಗತಿಯ ಮಕ್ಕಳು ಮಾತ್ರ ತತ್ತಿ ಕೊಡುವ ದಿನ ಗೈರುಹಾಜರಿ ಆಗುತ್ತಿರಲಿಲ್ಲ.

ಇದು ನಮ್ಮೊಬ್ಬರ ಕತೆಯೂ ಅಲ್ಲ. 2022ರ ಲೆಕ್ಕದಂತೆ ಜಗತ್ತಿನಲ್ಲಿ ಎಂಟು ಜನರಲ್ಲಿ ಒಬ್ಬರಿಗೆ ಬೊಜ್ಜಿದೆ. ಅಮೆರಿಕದ ಅರಿಜೋನಾದಲ್ಲಿ ಪೀಮಾ ಎಂಬ ಮೂಲನಿವಾಸಿಗಳಿದ್ದಾರೆ. ಗಿಲಾ ನದಿಯ ನೀರಿನಿಂದ ಮೆಕ್ಕೆಜೋಳ, ಬೀನ್ಸ್ ಬೆಳೆದು ಉಣ್ಣುತ್ತಿದ್ದವರು. 19ನೇ ಶತಮಾನದ ಕೊನೆಯಲ್ಲಿ ವಲಸೆ ಬಂದವರು ಮೇಲಿನಲ್ಲೇ ನೀರು ತಿರುಗಿಸಿಕೊಂಡರು. ಹೊಲ ಒಣಗಿದವು, ಬಿಳಿ ಹಿಟ್ಟು, ಸಕ್ಕರೆ, ಕೊಬ್ಬಿನ ಮೇಲೆ ಬದುಕುವಂತಾಯಿತು. ಮುಂದೆ ಬೊಜ್ಜು, ಸಕ್ಕರೆ ಕಾಯಿಲೆ ಅವರಲ್ಲಿ ಮನೆಮನೆಗೆ ಹಬ್ಬಿತು. ಅದೇ ಜನಾಂಗದವರು ಮೆಕ್ಸಿಕೋದ ಗುಡ್ಡಗಳಲ್ಲಿ ಹಳೆಯ ಬೇಸಾಯ, ಹಳೆಯ ಊಟದಲ್ಲಿದ್ದವರಿಗೆ ಅಷ್ಟು ಬರಲಿಲ್ಲ. ಅವರಿಗೆ ನೀರು ಹೋಗಿ ಊಟ ಬದಲಾಯಿತು, ನಮಗೆ ನೀರು ಬಂದು ಬದಲಾಯಿತು. ರಕ್ತ ಒಂದೇ, ಊಟ ಬದುಕು ಬೇರೆಯಾದರೆ ಮೈ ಬೇರೆ. ಇದರಲ್ಲಿ ಒಬ್ಬೊಬ್ಬರ ಬಾಯಿಚಪಲದ ಮಾತು ಎಷ್ಟು ಸಣ್ಣದು ನೋಡಿ.

ಹಾಗೆಂದು ಕೈಕಟ್ಟಿ ಕೂರಬೇಕೆಂದಲ್ಲ. ನಮ್ಮಂಥವರಿಗೆ ಸೊಂಟದ ಸುತ್ತಳತೆ 80 ಸೆಂಟಿಮೀಟರ್ ದಾಟಿದರೆ ಎಚ್ಚರವಾಗಬೇಕೆಂದು ವೈದ್ಯರು ಹೇಳುತ್ತಾರೆ. ಇದನ್ನು ಅಳೆಯಲು ಬ್ಲೌಸ್ ಹೊಲಿಯುವವಳ ಟೇಪು ಸಾಕು. ಉಳಿದದ್ದು ಚೆಲ್ಲಬಾರದೆಂದು ಮಕ್ಕಳ ತಾಟಿನ ಅನ್ನ, ರಾತ್ರಿಯ ಅನ್ನ ಎಲ್ಲವನ್ನೂ ನಮ್ಮ ಹೊಟ್ಟೆಗೇ ಹಾಕಿಕೊಳ್ಳುವ ಚಾಳಿ ನನಗಿತ್ತು, ನಿಮಗೂ ಇರಬಹುದು. ಈಗ ಕಮ್ಮಿ ಅಕ್ಕಿ ಇಡುತ್ತೇನೆ. ಮುಂಜಾನೆ ರೊಟ್ಟಿ, ಮಡಕಿಕಾಳು. ಚಹಾಕ್ಕೆ ಸಕ್ಕರೆಯಿಲ್ಲ. ಸಂಜೆ ನಾವು ಐದು ಜನ ಹೆಂಗಸರು ಗವಿಮಠದ ಕಡೆಗೆ ನಡೆಯುತ್ತೇವೆ. ಐದು ಜನರನ್ನು ಯಾರೂ ‘ಎಲ್ಲಿಗೆ’ ಎಂದು ಕೇಳುವುದಿಲ್ಲ. ನನ್ನ ತೂಕ ಏಳು ಕಿಲೋ ಇಳಿದಿದೆ. ಮಾತ್ರೆ ನಿಂತಿಲ್ಲ.

ಮಗಳಿಗೆ ಇದನ್ನೆಲ್ಲ ಹೇಳಿದೆ. ಅವ್ವನ ಕಲ್ಲಿನ ಬುಟ್ಟಿ, ಕಾಲುವೆ, ಗಿರಣಿ, ಎಣ್ಣೆ ಎಲ್ಲವನ್ನೂ. ನಾನು ಅವಳಿಗೆ ಇನ್ನೊಂದು ತುತ್ತು ತಿನಿಸುವಾಗ ನನ್ನ ಕೈ ಹಿಡಿದು ತಿನಿಸುತ್ತಿದ್ದುದು 1972ನೇ ಇಸವಿ ಎಂದೆ. ತಪ್ಪು ನಿನ್ನದಲ್ಲ ಎಂದೆ, ಅಷ್ಟು ಹೇಳಲು ತಡಮಾಡಿದ್ದು ನನ್ನ ತಪ್ಪು ಎಂದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, “ನಾಳೆಯಿಂದ ನಾನೂ ನಿಮ್ಮ ಜೋಡಿ ಬರ್ತೀನಿ, ಆದ್ರ ನೋಡಾಕ ಬರೋರ ಸಲುವಾಗಿ ಅಲ್ಲ” ಎಂದಳು.

ಕಳೆದ ಯುಗಾದಿಗೆ ತವರಿಗೆ ಹೋಗಿದ್ದೆವು. ಅವ್ವನಿಗೆ ಈಗ 75. ಮೂವರೂ ಸಾಲಾಗಿ ಉಣ್ಣಲು ಕುಳಿತೆವು. ಅವ್ವ ತನ್ನ ಮೇಲೇಳದ ತೋಳಿನಿಂದಲೇ ಮೊಮ್ಮಗಳ ತಾಟಿಗೆ ಇನ್ನೊಂದು ಹೋಳಿಗೆ ಇಡಲು ಬಂದಳು. ಮಗಳು ತಾಟಿನ ಮೇಲೆ ಕೈಯಡ್ಡ ಹಿಡಿದು, “ಸಾಕು ಅಮ್ಮಾ, ಹೊಟ್ಟಿ ತುಂಬೇತಿ” ಎಂದಳು. ಅವ್ವ ಬೇಸರ ಮಾಡಿಕೊಂಡಾಳೆಂದು ನಾನು ಹೆದರಿದೆ. ಅವಳು ಹೋಳಿಗೆಯನ್ನು ಬುಟ್ಟಿಗೆ ವಾಪಸು ಇಟ್ಟು ನಕ್ಕಳು. “ಆಗ ಈ ಮನಿಯಾಗ ಸಾಕು ಅನ್ನೋ ಮಾತ ಇರಲಿಲ್ಲವ್ವಾ. ಈಗ ಕೇಳಾಕ ಚಲೋ ಅನಸ್ತತಿ” ಎಂದಳು.